ಆಷಾಢದ ಖಾಲಿ ಹಾಲ್

ಬೆಳಿಗ್ಗೆ ಹಾಲು ತರೋಕೆ ಹೋದಾಗ ದೇವಸ್ಥಾನದ ಜಗುಲೀಲಿ ಒಬ್ಬರು ಗೋಣಿಚೀಲ ಮಡಚ್ತಾ ಕೂತಿದ್ರು. ಆಧಾರ್ ಕಾರ್ಡಿಗೆ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಅಂಗಿಯೊಳಗೆ ಇಟ್ಕೊಂಡಿದ್ದಾರೆ. ಮೈ ಪೂರ್ತಿ ಒದ್ದೆ, ಕಾರ್ಡಿಗೆ ಒಂದು ಹನಿ ತಾಗಿಲ್ಲ.

"ಇದ್ರಲ್ಲಿರೋ ಮನೆ ಈಗಿಲ್ಲ ಸ್ವಾಮಿ" ಅಂದ್ರು. ಬಾಡಿಗೆ ಏರಿಸಿದ್ರಂತೆ. ಬೇರೆ ಕಡೆ ಅಡ್ವಾನ್ಸ್‌ಗೆ ದುಡ್ಡಿಲ್ಲ.

ಪಕ್ಕದಲ್ಲೇ ದೇವಸ್ಥಾನ ಸಮಿತಿಯ ಕಲ್ಯಾಣ ಮಂಟಪ. ಬೀಗ. ಆಷಾಢ ಅಲ್ವಾ, ಮದುವೆ ಇಲ್ಲ. ನಮ್ಮ ಕಡೆ ಮಳೆ ಹೊಯ್ಯೋದೂ ಅದೇ ತಿಂಗಳು!

ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಮನೆಯಿಲ್ಲದ ಕನಿಷ್ಠ 100 ಜನ ಮಲಗೋವಷ್ಟು ಆಶ್ರಯ ಇರಬೇಕು ಅಂತ ಕೇಂದ್ರದ ನಗರ ಜೀವನೋಪಾಯ ಯೋಜನೇಲಿ ಬರೆದಿತ್ತು. ಒಬ್ಬರಿಗೆ 50 ಚದರಡಿ. 2011ರ ಗಣತಿಯಲ್ಲೇ ನಮ್ಮ ಶಿವಮೊಗ್ಗ 3 ಲಕ್ಷ ದಾಟಿತ್ತು, ಲೆಕ್ಕ ನೀವೇ ಹಾಕಿ.

ದೇವಸ್ಥಾನ, ಮಸೀದಿ, ಚರ್ಚು ಯಾವುದೂ ಅನ್ನ ಹಾಕೋದ್ರಲ್ಲಿ ಹಿಂದೆ ಬಿದ್ದಿಲ್ಲ. 2019ರಲ್ಲಿ ತುಂಗೆ ಊರೊಳಗೆ ನುಗ್ಗಿದಾಗ ಎಷ್ಟೋ ಜನ ಸಹಾಯಕ್ಕೆ ಓಡಿದ್ರು. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದವರು ಮಾತ್ರ ಯಾಕೋ ನಮಗೆ ಸಂತ್ರಸ್ತರು ಅನಿಸೋದೇ ಇಲ್ಲ.

ಒಂದು ತಿಂಗಳು ಹಾಲ್ ಬಿಟ್ಟುಕೊಟ್ರೆ ಮನೆ ಸಿಕ್ಕ ಹಾಗಲ್ಲ, ಗೊತ್ತು. ಹುಂಡಿ ದುಡ್ಡಲ್ಲಿ ಅಡ್ವಾನ್ಸ್‌ಗೆ ಬಡ್ಡಿಯಿಲ್ಲದ ಸಾಲ ಕೊಡಬಹುದಲ್ವಾ?

ಭಾನುವಾರ ಸಮಿತಿ ಮೀಟಿಂಗ್‌ನಲ್ಲಿ ಕೇಳ್ತೀನಿ. "ಆಮೇಲೆ ಹಾಲ್ ತೊಳೆಯೋರು ಯಾರು?" ಅನ್ನೋದೇ ಮೊದಲ ಪ್ರಶ್ನೆ, ನೋಡ್ತಿರಿ ಬೇಕಾದ್ರೆ.