ಎರಡು ಗಂಡು ಮುಧೋಳ ನಾಯಿ, ಒಂದೇ ಅಂಗಳ: ಇಲ್ಲಿಯವರೆಗೆ ಏನಾಯ್ತು

ಜೂನ್

ಮುಧೋಳ ಬಳಿಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ತಂದ ಬಾಣನಿಗೆ ಈಗ ಒಂದೂವರೆ ವರ್ಷ. ಇಷ್ಟು ದಿನ ಮನೆಯ ಹಿರಿಯ ನಾಯಿ ಭೈರನ ಹಿಂದೆ ಬಾಲ ಆಡಿಸುತ್ತಿದ್ದವನು ಈಗ ಗೇಟಿನಲ್ಲಿ ಅವನಿಗೇ ಅಡ್ಡ ನಿಲ್ಲುತ್ತಾನೆ. ಭೈರ ಉಚ್ಚೆ ಹೊಯ್ದ ಕಂಬಕ್ಕೇ ಹೋಗಿ ತಾನೂ ಕಾಲೆತ್ತುತ್ತಾನೆ. ವಯಸ್ಸಿಗೆ ಬಂದ ಗಂಡಿಗೆ ಇದು ಸಹಜವೇ. ಆದರೆ ಮುಧೋಳ ನಾಯಿಯ ಚರ್ಮ ತೀರಾ ತೆಳು. ಸಣ್ಣ ಕಚ್ಚಾಟಕ್ಕೂ ಹೊಲಿಗೆ ಬೀಳುತ್ತದೆ. ಅದಕ್ಕೇ ಜಗಳ ಶುರುವಾಗುವ ಮೊದಲೇ ತಯಾರಿ.

ಊರಲ್ಲಿ ಸಿಗುವ ಸಲಹೆ ಒಂದೇ: ನೆಲಕ್ಕೆ ಕೆಡವಿ ಕುತ್ತಿಗೆ ಒತ್ತು, ಯಜಮಾನ ಯಾರಂತ ಗೊತ್ತಾಗಲಿ. ನಾನು ಇದನ್ನು ಒಪ್ಪುವುದಿಲ್ಲ. ಈ ಯಜಮಾನಿಕೆಯ ಮಾತಿಗೆ ಮೂಲ ತೋಳಗಳ ಅಧ್ಯಯನ; ಆದರೆ 1947ರಲ್ಲಿ ವಿಜ್ಞಾನಿ ರುಡಾಲ್ಫ್ ಶೆಂಕೆಲ್ ನೋಡಿ ಬರೆದದ್ದು ಕೂಡಿಹಾಕಿದ್ದ ತೋಳಗಳನ್ನು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಡೇವಿಡ್ ಮೀಚ್ 1999ರಲ್ಲಿ ಹೇಳಿದ್ದೇ ಬೇರೆ. ಹಿಂಡು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳು; ಯಜಮಾನಿಕೆಗೆ ಹೊಡೆದಾಟ ಅಲ್ಲಿ ಅಪರೂಪ.

ಜುಲೈ

ಸುಮ್ನೆ ಕೂತು ನೋಡಿದೆ. ಇಬ್ಬರೂ ಬಿಗಿಯಾಗುವುದು ಬೋಗುಣಿ, ಗೇಟು, ನನ್ನ ಕೈಯಲ್ಲಿನ ಬಾರು, ಈ ಮೂರರ ಹತ್ತಿರ ಮಾತ್ರ. ಬೇರೆ ಕಡೆ ಒಟ್ಟಿಗೇ ಮಲಗುತ್ತಾರೆ. ಅಂದರೆ ತಂಟೆ ಇರುವುದು ವಸ್ತುವಿಗೆ, ಪಟ್ಟಕ್ಕಲ್ಲ ಅಲ್ವಾ?

ಊಟದಲ್ಲಿ ಶುರು ಮಾಡಿದೆ. ಜೋಳದ ನುಚ್ಚು, ಮಜ್ಜಿಗೆ, ಮೊಟ್ಟೆ. ಬೋಗುಣಿಗಳು ಗೋಡೆಯ ಆಚೆ ಒಂದು, ಈಚೆ ಒಂದು. ಬಾಣ ಗಬಗಬ ನುಂಗಿ ಭೈರನ ಕಡೆ ಹೊರಡುತ್ತಾನೆ. ಆಗ ಭೈರನನ್ನು ನೋಡಬೇಕು. ಅಗಿಯುವುದು ನಿಲ್ಲುತ್ತದೆ, ಬಾಯಿ ಮುಚ್ಚುತ್ತದೆ, ತಲೆ ಬೋಗುಣಿಯಲ್ಲೇ ಇದ್ದರೂ ಕಣ್ಣಿನ ಬಿಳಿ ಕಾಣುತ್ತದೆ. ಗುರ್ ಅನ್ನುವುದು ಆಮೇಲೆ. ಆ ಮೌನದಲ್ಲೇ ನಾನು ಬಾಣನನ್ನು ಕರೆದು ಬೇಯಿಸಿದ ಲಿವರ್ ಚೂರು ಕೊಡುತ್ತೇನೆ. ಗುರ್ ಅಂದದ್ದಕ್ಕೆ ಯಾರನ್ನೂ ಗದರಿಸಿಲ್ಲ. ಅದು ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ನಾಯಿ ಹೇಳದೇ ಕಚ್ಚುವುದನ್ನು ಕಲಿಯುತ್ತದೆ.

ಗೇಟಿಗೆ ಒಂದೇ ನಿಯಮ: ಇಬ್ಬರೂ ಕೂತರೆ ಮಾತ್ರ ಚಿಲಕ ತೆಗೆಯುವುದು. ಇದು ಬೇಗ ಹಿಡಿಯಿತು.

ಆಗಸ್ಟ್

ಪಕ್ಕದ ಓಣಿಯ ಹೆಣ್ಣುನಾಯಿ ಬೆದೆಗೆ ಬಂತು. ಮೂರು ವಾರ ಇಬ್ಬರನ್ನೂ ಬೇರೆ ಬೇರೆ ಇಟ್ಟೆ, ವಾಕಿಂಗ್ ಕೂಡ ಬೇರೆ ಹೊತ್ತಿಗೆ. ಬಾಯಿಕುಕ್ಕೆಯ ಒಳಗೆ ಮೊಸರು ಸವರಿ ಅಭ್ಯಾಸ ಮಾಡಿಸಲು ಈ ದಿನಗಳೇ ಅನುಕೂಲವಾದವು. ಬೀಜ ತೆಗೆಸುವ ಬಗ್ಗೆ ಡಾಕ್ಟರ ಜೊತೆ ಮಾತಾಡಿದೆ. ಅಲೆಯುವುದು, ಅಲ್ಲಲ್ಲಿ ಉಚ್ಚೆ ಹೊಯ್ಯುವುದು ಕಡಿಮೆಯಾಗಬಹುದು, ಆದರೆ ಹೆದರಿಕೆಯಿಂದ ಹುಟ್ಟಿದ ಸಿಟ್ಟು ಹೋಗುವುದಿಲ್ಲ ಎಂದರು. ಸದ್ಯಕ್ಕೆ ಬೇಡ.

ಸೆಪ್ಟೆಂಬರ್

ಹೊಲದಲ್ಲಿ ಮೊಲ ಎದ್ದರೆ ಸಾಕು, ಬಾರಿನಲ್ಲಿದ್ದ ಎರಡೂ ಆ ರಭಸವನ್ನು ಒಂದರ ಮೇಲೊಂದು ತೀರಿಸಿಕೊಳ್ಳಲು ನೋಡುತ್ತವೆ. ಮೊಲ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅದರ ಹಿಂದೆ ನಾಯಿ ಬಿಡುವ ಮಾತೇ ಇಲ್ಲ. ಹಾಗಂತ ಓಟದ ಆಸೆ ಕಟ್ಟಿಹಾಕಲಾಗದು. ಉದ್ದ ಹಗ್ಗಕ್ಕೆ ಚಿಂದಿ ಬಟ್ಟೆ ಕಟ್ಟಿ ಬೇಲಿಯೊಳಗೆ ಎಳೆದು ಓಡಿಸುತ್ತೇನೆ, ಒಮ್ಮೆಗೆ ಒಬ್ಬನನ್ನೇ. ಓಡಿ ಬಂದ ಮೇಲೆ ಇಬ್ಬರಿಗೂ ಜಗಳದ ಹುರುಪು ಕಡಿಮೆ.

ಈಗ ಹತ್ತು ಅಡಿ ಅಂತರದಲ್ಲಿ ಅಕ್ಕಪಕ್ಕ ನಡೆಯುತ್ತಾರೆ. ಮುಂದಿನ ಕೆಲಸ ಬಾರಿನದ್ದು: ಒಬ್ಬನಿಗೆ ಬಾರು ಕಟ್ಟುವಾಗ ಇನ್ನೊಬ್ಬ ಗೋಣಿಚೀಲದ ಮೇಲೆ ಕೂತೇ ಇರಬೇಕು.