ಲೂಗರ್ ಪಿ08 ಮಾಡೆಲ್: ಮೊದಲು ಇಸವಿ, ಆಮೇಲೆ ಮೆಶ್

ಜರ್ಮನ್ ಸೇನೆ 1908ರಲ್ಲಿ ಒಪ್ಪಿಕೊಂಡ ಲೂಗರ್ ಪಿಸ್ತೂಲಿನ 3ಡಿ ಮಾಡೆಲನ್ನು ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಕಟ್ಟಲು ಕೂರುವ ಮುಂಚೆ ಒಂದು ಇಸವಿ ಗೊತ್ತುಮಾಡಿಕೊಳ್ಳಿ. ಬದಿಯಡ್ಕ, ಪೆರ್ಲದ ಕಡೆ ಈ ಕೆಲಸ ಕಲಿಯುತ್ತಿರುವ ಹುಡುಗರ ಮಾಡೆಲುಗಳಲ್ಲಿ ಆಕಾರ ಚೆನ್ನಾಗಿಯೇ ಇರುತ್ತದೆ, ಇಸವಿಗಳು ಕಲಸಿಹೋಗಿರುತ್ತವೆ. 1917ರಲ್ಲಿ ಡಿಡಬ್ಲ್ಯೂಎಂ ಕಂಪೆನಿ ತಯಾರಿಸಿದ್ದಾದರೆ ಟಾಗಲ್ (ಪಿಸ್ತೂಲಿನ ಮೇಲೆ ಮಡಚುವ ಕೊಂಡಿ) ಮೇಲೆ ಹೆಣೆದ ಡಿಡಬ್ಲ್ಯೂಎಂ ಅಕ್ಷರ, ಚೇಂಬರ್ (ಗುಂಡು ಕೂರುವ ಭಾಗ) ಮೇಲೆ ಪೂರ್ತಿ ಇಸವಿ. ಟ್ರಿಗರ್, ಸೇಫ್ಟಿ ಲಿವರ್, ಮ್ಯಾಗಜೀನ್ ಬಿಡಿಸುವ ಗುಂಡಿ ಒಣಹುಲ್ಲಿನ ಬಣ್ಣ. ಮ್ಯಾಗಜೀನಿನ ತಳಕ್ಕೆ ಮರ. 1942ರಲ್ಲಿ ಮೌಸರ್ ಕಂಪೆನಿ ತಯಾರಿಸಿದ್ದಾದರೆ ‘ಬಿವೈಎಫ್’ ಎಂಬ ತಯಾರಕರ ಸಂಕೇತ, ಇಸವಿಯ ಕೊನೆಯ ಎರಡೇ ಅಂಕಿ, ಸಣ್ಣ ಭಾಗಗಳೂ ನೀಲಿಗಪ್ಪು. ಬಿವೈಎಫ್ ಜತೆಗೆ ಹಳದಿ ಟ್ರಿಗರ್ ಕಂಡರೆ ತಿಳಿದವರು ಅಲ್ಲಿಗೇ ಮಾಡೆಲ್ ಮುಚ್ಚಿಡುತ್ತಾರೆ.

ಅಳತೆ ಸರಳ: ಒಟ್ಟು ಉದ್ದ ಸುಮಾರು 222 ಮಿ.ಮೀ., ನಳಿಗೆ ಸುಮಾರು 100, ಹಿಡಿಗೂ ನಳಿಗೆಗೂ ನಡುವೆ ಸುಮಾರು 55 ಡಿಗ್ರಿ. ಹತ್ತಿರದಿಂದ ತೆಗೆದ ಫೋಟೋದ ಮೇಲೆ ಗೆರೆ ಎಳೆಯಬೇಡಿ. ಕ್ಯಾಮೆರಾಕ್ಕೆ ಹತ್ತಿರವಿರುವ ಟಾಗಲ್ ಗುಬ್ಬಿ (ಬೆರಳಿನಿಂದ ಎಳೆಯುವ ಉರುಟು ಹಿಡಿಕೆ), ಹಿಡಿಯ ಪಟ್ಟಿ ಎರಡೂ ದಪ್ಪವಾಗಿ ಬಿದ್ದಿರುತ್ತವೆ. ದೂರದಿಂದ ಜೂಮ್ ಮಾಡಿ ತೆಗೆದದ್ದೇ ಬೇಕು.

ಈ ಪಿಸ್ತೂಲಿನ ಜೀವ ಇರುವುದು ಟಾಗಲಿನಲ್ಲಿ. ಎರಡು ಕೊಂಡಿ, ಮೂರು ಪಿನ್ನು. ಹಿಂದಿನ ಪಿನ್ನು ರಿಸೀವರಿಗೆ (ನಳಿಗೆಯ ಜತೆ ಸರಿಯುವ ಹಿಂಭಾಗ), ಮುಂದಿನದು ಬ್ರೀಚ್ ಬ್ಲಾಕಿಗೆ (ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು), ನಡುವಿನದು ಮಂಡಿ. ಗುಂಡು ಹಾರಿದಾಗ ನಳಿಗೆ, ರಿಸೀವರ್, ಟಾಗಲ್ ಎಲ್ಲ ಒಟ್ಟಿಗೆ ತುಸು ಹಿಂದೆ ಸರಿಯುತ್ತವೆ, ಗುಬ್ಬಿಗಳು ಫ್ರೇಮಿನ ಇಳಿಜಾರಿಗೆ ಬಡಿಯುತ್ತವೆ, ಮಂಡಿ ಮೇಲಕ್ಕೆ ಮಡಚುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ನಡು ಪಿನ್ನು ಉಳಿದೆರಡರ ಗೆರೆಗಿಂತ ಕೂದಲೆಳೆಯಷ್ಟು ಕೆಳಗಿರುತ್ತದೆ. ಬೀಗ ಬೀಳುವುದೇ ಅದರಿಂದ. ಐಕೆ (ತುದಿಯ ಜಾಗ ನೋಡಿ ಕೊಂಡಿಗಳ ಕೋನವನ್ನು ತಂತ್ರಾಂಶವೇ ಲೆಕ್ಕ ಹಾಕುವ ವಿಧಾನ) ಹಾಕಿದವರ ಟಾಗಲ್ ಕೆಳಮುಖವಾಗಿ ಮಡಚಿ ಫ್ರೇಮಿನೊಳಗೆ ನುಗ್ಗುವುದೂ ಅದರಿಂದಲೇ. ಐಕೆ ಬಿಡಿ. ಹಿಂದಿನ ಕೊಂಡಿಯನ್ನು ಮಾತ್ರ ತಿರುಗಿಸಿ. ಬ್ರೀಚ್ ಬ್ಲಾಕಿನ ಜಾಗವನ್ನು ಆ ಕೋನದಿಂದ ಡ್ರೈವರ್ (ಒಂದರ ಬೆಲೆಯಿಂದ ಇನ್ನೊಂದನ್ನು ನಡೆಸುವ ಬ್ಲೆಂಡರಿನ ಸೂತ್ರ) ಲೆಕ್ಕ ಹಾಕಲಿ. ಮುಂದಿನ ಕೊಂಡಿಯನ್ನು ಹಿಂದಿನದರ ಮಗುವಾಗಿಸಿ (ಅದರ ಜತೆಗೇ ಚಲಿಸುವಂತೆ ಜೋಡಿಸಿ), ಗುರಿಯತ್ತ ತಿರುಗಿಸುವ ಡ್ಯಾಂಪ್ಡ್ ಟ್ರ್ಯಾಕ್ ಕೊಟ್ಟು ಮುಂದಿನ ಪಿನ್ನಿನತ್ತ ನೋಡಿಸಿ. ಎರಡು ಕೊಂಡಿ, ಬ್ರೀಚ್ ಬ್ಲಾಕ್ ಈ ಮೂರರ ಒರಿಜಿನ್ (ವಸ್ತು ತಿರುಗುವ ಬಿಂದು) ಪಿನ್ನಿನ ನಟ್ಟನಡುವೆ ಇರಬೇಕು, ಇಲ್ಲವಾದರೆ ತೆರೆದಾಗ ಸಂದು ಬಿಡುತ್ತದೆ.

ಕಡೆದು ಮಾಡಿದ ಉಕ್ಕು ಇದು, ಅಂಚು ಚೂಪು. ಬೆವೆಲ್ (ಅಂಚಿನ ಚೂಪು ತೆಗೆಯುವ ಕಡಿತ) 0.3 ಮಿ.ಮೀ. ಸಾಕು, 1 ಮಿ.ಮೀ. ಆದರೆ ಸೋಪಿನಂತೆ ಕಾಣುತ್ತದೆ. ಆಕ್ರೋಟ್ ಮರದ ಹಿಡಿಯ ಚೌಕುಳಿಯನ್ನು ಹೈಪಾಲಿಯಿಂದ (ಸೂಕ್ಷ್ಮ ವಿವರಗಳಿರುವ ಮಾಡೆಲಿನಿಂದ) ನಾರ್ಮಲ್ ಮ್ಯಾಪಿಗೆ (ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರಕ್ಕೆ) ಬೇಕ್ ಮಾಡಿ, ಅಂದರೆ ಇಳಿಸಿ.

ಹುಲ್ಲುಬಣ್ಣ ಪೇಂಟ್ ಅಲ್ಲ, ಕಾಯಿಸಿದ ಉಕ್ಕಿನ ಮೇಲಿನ ತೆಳು ಆಕ್ಸೈಡ್ ಪದರ. ಹಾಗಾಗಿ ಲೋಹದ ಹೊಳಪು ಕೊಡುವ ಮೆಟಾಲಿಕ್ ಬೆಲೆ 1ರಲ್ಲೇ ಇರಲಿ, ಬೇಸ್ ಕಲರ್ ಮಾತ್ರ ಬದಲಾಗಲಿ. ಕುಂಬಳೆ, ಮಂಜೇಶ್ವರದ ಉಪ್ಪುಗಾಳಿಗೆ ತುಕ್ಕು ತಿಂದ ಗೇಟಿನ ಫೋಟೋ ಇಲ್ಲಿ ಟೆಕ್ಸ್ಚರ್ ಆಗಲಾರದು. ಎಣ್ಣೆ ಹಚ್ಚಿಟ್ಟ ಆಯುಧ ಸವೆಯುವ ರೀತಿಯೇ ಬೇರೆ: ನಳಿಗೆಯ ತುದಿ, ಸೈಡ್ ಪ್ಲೇಟಿನ ಅಂಚು, ಹಿಡಿಯ ಮುಂಪಟ್ಟಿ, ಹೀಗೆ ಚರ್ಮದ ಚೀಲವೂ ಅಂಗೈಯೂ ಉಜ್ಜುವ ಕಡೆ ನೀಲಿ ಹೋಗಿ ಬೆಳ್ಳಗಾಗಿರುತ್ತದೆ.

ಸೇಫ್ಟಿ ಲಿವರಿನ ಬಳಿಯ ‘ಗೆಸಿಷರ್ಟ್’ (ಸೇಫ್ಟಿ ಹಾಕಿದೆ ಎಂಬ ಜರ್ಮನ್ ಪದ) ಅಕ್ಷರ ಎಡಬದಿಗೆ ಮಾತ್ರ. ಫ್ರೇಮಿನ ಯುವಿಯನ್ನು (ಮಾಡೆಲಿನ ಮೈಯನ್ನು ಚಪ್ಪಟೆಯಾಗಿ ಬಿಡಿಸಿದ ನಕ್ಷೆ) ಮಿರರ್ ಮಾಡಿದ್ದರೆ ಬಲಬದಿಯಲ್ಲೂ ಅದು ಉಲ್ಟಾ ಮೂಡುತ್ತದೆ. ಆ ಭಾಗಕ್ಕೆ ಪ್ರತ್ಯೇಕ ಜಾಗ ಕೊಡಿ. ಗೇಮ್ ಎಂಜಿನ್ನಿಗೆ ಕಳಿಸುವಾಗ ಡ್ರೈವರುಗಳು ಜತೆಗೆ ಹೋಗುವುದಿಲ್ಲ. ಟಾಗಲಿನ ಚಲನೆಯನ್ನು ಕೀಫ್ರೇಮಿಗೆ ಬೇಕ್ ಮಾಡಿದ ಮೇಲೆಯೇ ಎಕ್ಸ್‌ಪೋರ್ಟ್ ಮಾಡಿ.