ಯುದ್ಧಕಾಲದ ರೇಷನ್ ಅಡುಗೆ: ವೂಲ್ಟನ್ ಪೈ ಆಯ್ತು, ಮುಂದೆ ಬ್ರೆಡ್

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮನೆಗಳಿಗೆ ಸಿಗುತ್ತಿದ್ದ ರೇಷನ್ನಿನಲ್ಲೇ ಸಾಗರದ ನಮ್ಮ ಮನೆಯಲ್ಲಿ ಅಡುಗೆ ಮಾಡುವ ಕೆಲಸ ಮುಂದುವರಿದಿದೆ. ಪ್ರಮಾಣ ಆಗಾಗ ಏರಿಳಿಯುತ್ತಿತ್ತು. ನಾನು ಹಿಡಿದ ಲೆಕ್ಕ, ಒಬ್ಬರಿಗೆ ವಾರಕ್ಕೆ ಬೆಣ್ಣೆ 57 ಗ್ರಾಂ, ಟೀ ಪುಡಿ 57 ಗ್ರಾಂ, ಸಕ್ಕರೆ 227 ಗ್ರಾಂ. ನಾವು ಮಾಂಸ ತಿನ್ನುವುದಿಲ್ಲ. ಅಲ್ಲಿನ ಸಸ್ಯಾಹಾರಿಗಳಿಗೂ ಮಾಂಸದ ಪಾಲಿನ ಬದಲು ಚೀಸ್ ಜಾಸ್ತಿ ಕೊಡುತ್ತಿದ್ದರು. ನಾನು ಪನೀರ್ ಇಟ್ಟುಕೊಂಡೆ.

ಟೀ, ಸಕ್ಕರೆ ಸಾಕಾಯಿತು. ಬೆಳಿಗ್ಗೆ ಕುಡಿಯುವುದು ಕಷಾಯ ಅಲ್ವಾ. ಕಷ್ಟವಾದದ್ದು ಬೆಣ್ಣೆ. ಕಾಸಿದ ಮೇಲೆ ಉಳಿದ ತುಪ್ಪ ನೋಡಿ ಅತ್ತೆ, "ಇದು ಒಂದು ವಾರಕ್ಕಾ? ಎರಡು ಊಟಕ್ಕೂ ಸಾಲಲ್ಲ" ಎಂದರು.

ಈ ಸಲ ಮಾಡಿದ್ದು ವೂಲ್ಟನ್ ಪೈ. 1940ರಲ್ಲಿ ಆಹಾರ ಮಂತ್ರಿಯಾದ ಲಾರ್ಡ್ ವೂಲ್ಟನ್ ಹೆಸರಿನ ತಿಂಡಿ. ಆಲೂಗಡ್ಡೆ, ಕ್ಯಾರೆಟ್, ಹೂಕೋಸು ಬೇಯಿಸಿ, ಓಟ್ಸ್ ಹಾಕಿ ಗಟ್ಟಿ ಮಾಡುವುದು. ಸ್ವೀಡ್ ಗೆಡ್ಡೆಯ ಬದಲು ನವಿಲುಕೋಸು ಹಾಕಿದೆ. ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ, ದಪ್ಪ ಬಾಣಲೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿಟ್ಟೆ. ಸಪ್ಪೆ ಇತ್ತು. ತೋಟದ ಕಾಳುಮೆಣಸು ಕುಟ್ಟಿ ಹಾಕಿದ ಮೇಲೆ ಮಕ್ಕಳೂ ತಿಂದರು. ಹೊಟ್ಟೆಯಂತೂ ಚೆನ್ನಾಗಿ ತುಂಬಿತು.

ಆ ವ್ಯವಸ್ಥೆ ನಡೆದದ್ದೇ ಹೀಗೆ. ಯುದ್ಧ ಮುಗಿಯುವವರೆಗೂ ಬ್ರೆಡ್ಡಿಗೆ, ಆಲೂಗಡ್ಡೆಗೆ ರೇಷನ್ ಇರಲಿಲ್ಲ. ಬ್ರೆಡ್ಡಿಗೆ ಬಂದದ್ದು 1946ರಲ್ಲಿ. ಹೊಟ್ಟೆ ತುಂಬಿಸುವ ಪದಾರ್ಥಕ್ಕೆ ಮಿತಿ ಹಾಕದೆ, ಕೊರತೆ ಇದ್ದದ್ದನ್ನು ಎಲ್ಲರಿಗೂ ಹಂಚಿದರು. ಅದೇ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ 1943ರ ಕ್ಷಾಮಕ್ಕೆ, ಅದರ ಬೆನ್ನಿಗೆ ಬಂದ ರೋಗಗಳಿಗೆ 20ರಿಂದ 30 ಲಕ್ಷ ಜನ ಸತ್ತರು. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಬೆಲೆ ಸಿಕ್ಕಾಪಟ್ಟೆ ಏರಿತು. ಕಲ್ಕತ್ತಾದ ಕಾರ್ಖಾನೆ, ಕಚೇರಿಯವರಿಗೆ ಅಗ್ಗದ ಅಕ್ಕಿ ಕೊಟ್ಟರು. ಹಳ್ಳಿಯ ಕೂಲಿಯವರು, ಮೀನುಗಾರರು ಹಸಿವಿನಿಂದ ಸತ್ತರು. ವೂಲ್ಟನ್ನರ ಜಾಣತನ ಹೊಗಳುವಾಗ ಈ ಮಾತು ಬಿಡಬಾರದು. ನನ್ನ ರೇಷನ್ ಪಟ್ಟಿಯ ಪಕ್ಕದಲ್ಲೇ ಇದನ್ನೂ ಬರೆದು ಅಂಟಿಸಿದ್ದೇನೆ.

ಮುಂದಿನದು ನ್ಯಾಷನಲ್ ಲೋಫ್, ಅಂದರೆ ಬ್ರಿಟನ್ನಿನಲ್ಲಿ 1942ರಲ್ಲಿ ಬಂದ ಬ್ರೆಡ್. ಹಡಗಿನಲ್ಲಿ ತರಬೇಕಾದ ಗೋಧಿ ಉಳಿಸಲು, 100 ಕೆಜಿ ಗೋಧಿಗೆ 85 ಕೆಜಿ ಹಿಟ್ಟು ಬರುವಂತೆ ಬೀಸುತ್ತಿದ್ದರು. ಗಿರಣಿಯಲ್ಲಿ ಗೋಧಿ ಬೀಸಿಸಿ ತಂದಾಗಿದೆ. ಜರಡಿ ಹಿಡಿದು ಕೆಜಿಗೆ 150 ಗ್ರಾಂ ಬೂಸಾ ತೆಗೆಯಬೇಕು. ಈ ಮಳೆಯ ಥಂಡಿಯಲ್ಲಿ ಹಿಟ್ಟು ಉಬ್ಬುವುದು ನಿಧಾನ. ಬಚ್ಚಲ ಒಲೆಯ ಪಕ್ಕ ಇಟ್ಟು ನೋಡುತ್ತೇನೆ.